ಒಡೆಯದ ಉಬ್ಬು, ಕದಡುವ ಮನಸ್ಸು

ಹಿರೇಹಡಗಲಿಯಂತಹ ಊರಿನಲ್ಲಿ ಪಂಪ್‌ಸೆಟ್ಟಿನ ಪೈಪು ನೋಡದ ವಿದ್ಯಾರ್ಥಿ ಇರಲಾರ. ನೀರು ಹಾಯಿಸುವ ರಬ್ಬರ್ ಪೈಪು ಹಳತಾದಾಗ ಎಲ್ಲ ಕಡೆ ಒಂದೇ ಸಮನೆ ಹಿಗ್ಗುವುದಿಲ್ಲ. ಎಲ್ಲಿ ಸವೆದಿದೆಯೋ, ಎಲ್ಲಿ ಕವಲೊಡೆದಿದೆಯೋ ಅಲ್ಲಿ ನಿಂಬೆಕಾಯಿಯಂತೆ ಉಬ್ಬಿ ನಿಲ್ಲುತ್ತದೆ. ಉಬ್ಬಿದ ಪೈಪು ಆ ದಿನವೇ ಒಡೆಯುತ್ತದೆಂದಲ್ಲ. ಒಂದು ಬೆಳೆ ಮುಗಿಯುವ ತನಕ ಸುಮ್ಮನಿದ್ದರೂ ಇರಬಹುದು. ಆದರೆ ಅದನ್ನು ಒಮ್ಮೆ ಕಂಡ ರೈತನ ಕಣ್ಣು ಮಾತ್ರ ಮತ್ತೆ ಮತ್ತೆ ಅತ್ತಲೇ ಹೋಗುತ್ತದೆ.

ಮಿದುಳಿಗೆ ರಕ್ತ ಒಯ್ಯುವ ಅಪಧಮನಿಗಳಲ್ಲಿಯೂ ಇಂತಹ ಉಬ್ಬು ಮೂಡುವುದುಂಟು. ವೈದ್ಯರು ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಹಿಗ್ಗುವಿಕೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರಿದು. ನೂರು ಮಂದಿ ವಯಸ್ಕರಲ್ಲಿ ಸುಮಾರು ಮೂವರ ತಲೆಯಲ್ಲಿ ಇದು ಇರುತ್ತದೆಂದು ಅಂದಾಜು. ಅವರಲ್ಲಿ ಬಹುಪಾಲು ಮಂದಿಗೆ ಅದು ಇರುವ ಸುದ್ದಿಯೇ ತಿಳಿಯುವುದಿಲ್ಲ. ತಿಳಿಯುವುದು ಬೇರೆ ಯಾವುದೋ ಕಾರಣಕ್ಕೆ ತಲೆಯ ಸ್ಕ್ಯಾನ್ ಮಾಡಿಸಿದಾಗ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ರೈತನೊಬ್ಬ ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದನೆನ್ನಿ. ಪೆಟ್ಟಿನಿಂದ ಏನೂ ಆಗಿಲ್ಲ, ಆದರೆ ಚಿತ್ರದಲ್ಲಿ ಬೇರೊಂದು ಕಂಡಿದೆ. ಪಿಯುಸಿ ಓದುವ ಮಗಳು ಕೇಳುತ್ತಾಳೆ: “ಅಪ್ಪಾ, ಡಾಕ್ಟರು ಏನಂದ್ರು?” ಅಪ್ಪ ಹೇಳುತ್ತಾನೆ: “ಏನಿಲ್ಲವ್ವಾ, ತಲ್ಯಾಗ ಒಂದು ನರ ಉಬ್ಬೇತಂತ. ಈಗೇನೂ ಮಾಡೂದು ಬ್ಯಾಡ, ಆರು ತಿಂಗಳು ಬಿಟ್ಟು ಬಾ ಅಂದಾರ.” ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಇಲ್ಲಿ ಮೊದಲು ಒಂದು ಪದವನ್ನು ಸರಿಪಡಿಸಬೇಕು. ನಮ್ಮ ಆಡುಮಾತಿನಲ್ಲಿ ಕೈಮೇಲೆ ಎದ್ದು ಕಾಣುವ ನೀಲಿ ಗೆರೆಯೂ ನರ, ಸೊಂಟದಲ್ಲಿ ಹಿಡಿದುಕೊಳ್ಳುವುದೂ ನರ. ಪಠ್ಯಪುಸ್ತಕದ ಪ್ರಕಾರ ನರವೆಂದರೆ ಸಂದೇಶ ಸಾಗಿಸುವ ತಂತು. ಅದರೊಳಗೆ ರಕ್ತ ಹರಿಯುವುದಿಲ್ಲ. ಉಬ್ಬಿರುವುದು ನರವಲ್ಲ, ರಕ್ತನಾಳ. ‘ನರ ಉಬ್ಬಿದೆ’ ಎಂದು ಕೇಳಿದವರು ಬುದ್ಧಿಯೇ ಕೆಟ್ಟಿತೆಂದು ಹೆದರುವುದಕ್ಕೆ ಅರ್ಧ ಕಾರಣ ಈ ಪದವೇ ಇರಬಹುದು.

ಮಿದುಳಿನ ತೂಕ ಒಂದು ಕಾಲು ಕಿಲೋದಿಂದ ಒಂದೂವರೆ ಕಿಲೋ ಒಳಗೆ. ದೇಹದ ತೂಕದ ಶೇಕಡ 2ರಷ್ಟು ಮಾತ್ರ. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ಶೇಕಡ 15ರಷ್ಟು ಪಾಲು ಅದಕ್ಕೇ ಬೇಕು. ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರು. ಇಷ್ಟು ರಕ್ತ ಕುತ್ತಿಗೆಯ ನಾಲ್ಕು ಧಮನಿಗಳ ಮೂಲಕ ಮೇಲೇರಿ, ಮಿದುಳಿನ ತಳದಲ್ಲಿ ಒಂದು ಬಳೆಯಂತೆ ಕೂಡಿಕೊಳ್ಳುತ್ತದೆ. ಒಂದು ಕಾಲುವೆ ಕಟ್ಟಿಕೊಂಡರೆ ಇನ್ನೊಂದರಿಂದ ನೀರು ಬರಲಿ ಎಂಬಂತಹ ಏರ್ಪಾಟು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ‘ವಿಲ್ಲಿಸ್ ವೃತ್ತ’ ಎಂದೇ ಹೆಸರು. ಆ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ಒಬ್ಬ ಕ್ರಿಸ್ಟಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದಾತ. ಚಿತ್ರಕಲೆ ಬಂದವನಿಗೆ ವಿಜ್ಞಾನ ಬೇಡವೆನ್ನುವ ತಂದೆತಾಯಿಯರು ಇದನ್ನು ಗಮನಿಸಬಹುದು.

ಉಬ್ಬುಗಳು ಬಹುಮಟ್ಟಿಗೆ ಏಳುವುದು ಈ ಬಳೆಯಲ್ಲಿ ಮತ್ತು ಅದರ ಹತ್ತಿರದ ಕವಲುಗಳಲ್ಲಿ. ಕವಲಿನ ತುದಿಗೆ ರಕ್ತ ನೇರವಾಗಿ ಬಂದು ಬಡಿಯುತ್ತದೆ. ಹೃದಯ ಬಡಿದಷ್ಟು ಸಲ, ಅಂದರೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಮಿದುಳಿನ ಧಮನಿಗಳ ಗೋಡೆ ದೇಹದ ಬೇರೆಡೆಯ ಧಮನಿಗಳಿಗಿಂತ ತೆಳು. ಸುತ್ತಲೂ ಆಸರೆಗೆ ಮಾಂಸವಿಲ್ಲ, ನೀರಿನಂತಹ ದ್ರವವಷ್ಟೇ. ರಕ್ತದೊತ್ತಡ ಹೆಚ್ಚಿದ್ದರೆ, ಜೊತೆಗೆ ಬೀಡಿ ಸಿಗರೇಟಿನ ಹೊಗೆ ಸೇರಿದರೆ ಗೋಡೆ ಇನ್ನಷ್ಟು ದುರ್ಬಲ. ಇನ್ನು ಭೌತಶಾಸ್ತ್ರ ಓದಿದವರಿಗೆ ಲ್ಯಾಪ್ಲಾಸ್‌ನ ನಿಯಮ ನೆನಪಿರಬಹುದು: ಒತ್ತಡ ಅಷ್ಟೇ ಇದ್ದು ತ್ರಿಜ್ಯ ಎರಡರಷ್ಟಾದರೆ ಗೋಡೆಯ ಮೇಲಿನ ಎಳೆತವೂ ಎರಡರಷ್ಟಾಗುತ್ತದೆ. ಹಿಗ್ಗಿದಂತೆ ಗೋಡೆ ತೆಳುವಾಗುವುದು ಬೇರೆ. ಆದ್ದರಿಂದಲೇ ವೈದ್ಯರು ಉಬ್ಬಿನ ಗಾತ್ರವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದಿಡುತ್ತಾರೆ. 7 ಮಿ.ಮೀ.ಗಿಂತ ಚಿಕ್ಕದಾದವು, ಅದರಲ್ಲಿಯೂ ಮಿದುಳಿನ ಮುಂಭಾಗದ ಧಮನಿಗಳಲ್ಲಿರುವಂಥವು, ಒಡೆಯುವುದು ಅಪರೂಪ. 25 ಮಿ.ಮೀ. ದಾಟಿದವು ದೈತ್ಯ ಉಬ್ಬುಗಳು.

ಮಗಳ ನಿಜವಾದ ಪ್ರಶ್ನೆ ಇಲ್ಲಿಂದ ಮುಂದಿದೆ. ಒಡೆಯದ ಉಬ್ಬು ಅಪ್ಪನ ಬುದ್ಧಿಯನ್ನು, ನೆನಪನ್ನು ಕೆಡಿಸುತ್ತದೆಯೇ?

ಒಡೆದರೆ ಏನಾಗುತ್ತದೆಂಬುದು ಚೆನ್ನಾಗಿ ತಿಳಿದಿದೆ. ಮಿದುಳಿನ ಸುತ್ತಲಿನ ದ್ರವಕ್ಕೆ ರಕ್ತ ನುಗ್ಗುತ್ತದೆ. ಸುಮಾರು ಮೂವರಲ್ಲಿ ಒಬ್ಬರು ಬದುಕುವುದಿಲ್ಲ. ಬದುಕಿದವರಲ್ಲಿ ಅನೇಕರಿಗೆ ನೆನಪು, ಗಮನ ಮೊದಲಿನಂತಿರುವುದಿಲ್ಲ. ಎಡಬಲ ಮುಂಧಮನಿಗಳನ್ನು ಜೋಡಿಸುವ ಒಂದು ಗಿಡ್ಡ ನಾಳವಿದೆ. ಅದರಿಂದ ಹೊರಡುವ ಕೂದಲೆಳೆಯಂತಹ ಕವಲುಗಳು ನೆನಪಿಗೆ ಸಂಬಂಧಿಸಿದ ಜಾಗಗಳಿಗೆ ರಕ್ತ ಕೊಡುತ್ತವೆ. ಅಲ್ಲಿ ಒಡೆದು ಬದುಕಿದ ಕೆಲವರಲ್ಲಿ ವಿಚಿತ್ರ ತೊಂದರೆ ಕಾಣುತ್ತದೆ. ಲೆಕ್ಕ ಬರುತ್ತದೆ, ಮಾತು ಸರಾಗ, ಹಳೆಯ ಸಂಗತಿ ನೆನಪಿದೆ. ಆದರೆ ಬೆಳಿಗ್ಗೆ ಉಂಡದ್ದು ನೆನಪಿಲ್ಲ. ನೆನಪಿಲ್ಲವೆನ್ನುವ ಬದಲು ಆಗದೇ ಇದ್ದ ಸಂಗತಿಯನ್ನು ನಡೆದಂತೆಯೇ ಹೇಳುತ್ತಾರೆ. ಅದು ಸುಳ್ಳಲ್ಲ, ಹೇಳುವವರಿಗೆ ಅದು ನಿಜವೇ. ಮನೆಯವರು ಇದನ್ನರಿಯದೆ ಗದರಿಸುತ್ತಾರೆ.

ಒಡೆಯದ ಉಬ್ಬಿನ ಕತೆ ಬೇರೆ. ಚಿಕ್ಕ ಉಬ್ಬು ಮಿದುಳನ್ನು ಮುಟ್ಟುವುದೂ ಇಲ್ಲ. ದೊಡ್ಡದಾದರೆ ಪಕ್ಕದ ನರವನ್ನೊತ್ತಿ ಒಂದು ಕಣ್ಣಿನ ರೆಪ್ಪೆ ಜೋತುಬೀಳಬಹುದು, ಪಾಪೆ ಹಿಗ್ಗಬಹುದು, ವಸ್ತು ಎರಡಾಗಿ ಕಾಣಬಹುದು. ದೈತ್ಯ ಉಬ್ಬು ಹಣೆಯ ಹಿಂದಿನ ಹಾಲೆಯನ್ನು ಒತ್ತಿದರೆ ಸ್ವಭಾವವೇ ಬದಲಾದೀತು. ಅಂತಹವು ವಿರಳ.

ಈಚಿನ ವರ್ಷಗಳಲ್ಲಿ ಎಂ.ಆರ್.ಐ. ಯಂತ್ರಗಳು ಸೂಕ್ಷ್ಮವಾದಂತೆ ವಿಜ್ಞಾನಿಗಳು ಇನ್ನೂ ಒಳಹೊಕ್ಕು ನೋಡತೊಡಗಿದ್ದಾರೆ. ಒಡೆಯದ ಉಬ್ಬಿರುವವರಿಗೆ ಸಂಖ್ಯೆಗಳನ್ನು ಹಿಂದುಮುಂದಾಗಿ ಹೇಳಿಸುವುದು, ಪದಪಟ್ಟಿಯನ್ನು ಕೇಳಿಸಿ ಅರ್ಧ ಗಂಟೆಯ ನಂತರ ಒಪ್ಪಿಸಲು ಹೇಳುವುದು, ಇಂತಹ ಪರೀಕ್ಷೆ ಕೊಡುತ್ತಾರೆ. ಜೊತೆಗೆ ಮಿದುಳಿನ ಬೂದು ಭಾಗದ ಗಾತ್ರ, ಬಿಳಿ ಭಾಗದಲ್ಲಿನ ಕಲೆಗಳು, ನೆನಪಿನ ಗೂಡಾದ ಹಿಪ್ಪೊಕ್ಯಾಂಪಸ್ ಇವನ್ನು ಅಳೆಯುತ್ತಾರೆ. ಕೆಲವರಲ್ಲಿ ಅಂಕ ಸ್ವಲ್ಪ ಕಡಿಮೆ, ಚಿತ್ರದಲ್ಲಿ ಸಣ್ಣ ವ್ಯತ್ಯಾಸ ಕಂಡದ್ದುಂಟು. ಅಷ್ಟಕ್ಕೇ ಉಬ್ಬೇ ಕಾರಣವೆಂದು ತೀರ್ಮಾನಿಸುವುದು ಅವಸರವಾದೀತು. ಒಂದೇ ಹೊಲದಲ್ಲಿ ಕಳೆಯೂ ಕೀಟವೂ ಇದ್ದು ಇಳುವರಿ ತಗ್ಗಿದರೆ ಯಾವುದನ್ನು ದೂರುವುದು? ಉಬ್ಬನ್ನು ಬೆಳೆಸಿದ ರಕ್ತದೊತ್ತಡ, ಹೊಗೆಸೊಪ್ಪುಗಳೇ ಮಿದುಳಿನ ಸಣ್ಣ ನಾಳಗಳನ್ನೂ ಕೆಡಿಸಿ ಬಿಳಿ ಕಲೆಗಳನ್ನು ಮೂಡಿಸುತ್ತವೆ. ವಯಸ್ಸೂ ತನ್ನ ಪಾಲು ಸೇರಿಸುತ್ತದೆ.

ಇನ್ನೊಂದು ಕಾರಣ ಯಂತ್ರಕ್ಕೆ ಸಿಗುವಂಥದಲ್ಲ. ತಲೆಯಲ್ಲಿ ಉಬ್ಬಿದೆಯೆಂದು ಗೊತ್ತಾದ ಮನುಷ್ಯನಿಗೆ ಚಿಂತೆ ಹಿಡಿಯುತ್ತದೆ. ಕೆಮ್ಮಲು ಹೆದರಿಕೆ, ಮೂಟೆ ಎತ್ತಲು ಹೆದರಿಕೆ. ನಿದ್ದೆಗೆಟ್ಟವನ ಗಮನ ತಪ್ಪುತ್ತದೆ, ಬೀಗದ ಕೈ ಇಟ್ಟ ಜಾಗ ಮರೆಯುತ್ತದೆ. ಮರೆತದ್ದನ್ನು ಕಂಡು ಉಬ್ಬು ಬೆಳೆಯಿತೆಂದು ಮತ್ತಷ್ಟು ಚಿಂತೆ. ಪರೀಕ್ಷೆಯ ಭಯದಲ್ಲಿ ಓದಿದ್ದೆಲ್ಲ ಮರೆತ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಇಂತಹ ರೋಗಿಗೆ ಮನಸ್ಸಿನ ಆರೈಕೆಯೂ ಚಿಕಿತ್ಸೆಯ ಭಾಗವೇ.

ಚಿಕಿತ್ಸೆಗೆ ದಾರಿಗಳಿವೆ. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿದರು. 1990ರ ಹೊತ್ತಿಗೆ ಇಟಲಿ ಮೂಲದ ಗೈಡೊ ಗುಗ್ಲಿಯೆಲ್ಮಿ ತೊಡೆಯ ಧಮನಿಯಿಂದ ಸಣ್ಣ ನಳಿಕೆ ತೂರಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವ ವಿಧಾನ ತಂದರು. ಎರಡರಲ್ಲೂ ಅಪಾಯವಿದೆ. ಒಡೆಯದ ಉಬ್ಬಿಗೆ ಚಿಕಿತ್ಸೆ ಮಾಡಹೋಗಿ ಬುದ್ಧಿಶಕ್ತಿಗೇ ಪೆಟ್ಟಾದರೆ ಏನು ಲಾಭ ಎಂಬ ಪ್ರಶ್ನೆಯನ್ನು 1998ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನವೊಂದು ಗಂಭೀರವಾಗಿ ಎತ್ತಿತು; ಸಾವು, ಲಕ್ವಗಳ ಜೊತೆ ಗ್ರಹಣಶಕ್ತಿಯ ಕುಂದನ್ನೂ ಅದು ಲೆಕ್ಕಕ್ಕೆ ಹಿಡಿದಿತ್ತು. ಆ ಮೇಲಿನ ಅಧ್ಯಯನಗಳಲ್ಲಿ, ತೊಡಕಿಲ್ಲದೆ ಚಿಕಿತ್ಸೆ ಮುಗಿದ ಬಹುತೇಕರ ಅಂಕ ಕೆಲವು ತಿಂಗಳಲ್ಲಿ ಮೊದಲಿನ ಮಟ್ಟಕ್ಕೇ ಬಂದುದು ಕಂಡಿದೆ. ಅಮೆರಿಕದ ಜೋ ಬೈಡನ್ ಅವರಿಗೆ 1988ರಲ್ಲಿ ಒಡೆದ ಉಬ್ಬಿಗೊಮ್ಮೆ, ಒಡೆಯದ ಇನ್ನೊಂದಕ್ಕೆ ಮತ್ತೊಮ್ಮೆ ಶಸ್ತ್ರಕ್ರಿಯೆ ನಡೆಯಿತು. ಮುಂದೆ ಎರಡು ದಶಕ ಅವರು ಸೆನೆಟ್ಟಿನಲ್ಲಿ ಕೆಲಸ ಮಾಡಿದರು; 2021ರಲ್ಲಿ ಅಧ್ಯಕ್ಷರಾದರು.

ಮಿದುಳನ್ನು ಕಣ್ಣಾರೆ ನೋಡಬಯಸುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅವಕಾಶವಿದೆ. 1974ರಲ್ಲಿ ರೂಪುಗೊಂಡ ಈ ಸಂಸ್ಥೆಯಲ್ಲಿ 1995ರಲ್ಲಿ ಮಿದುಳು ಬ್ಯಾಂಕ್ ಆರಂಭವಾಯಿತು. ಅದನ್ನು ಕಟ್ಟಿದವರು ಡಾ. ಎಸ್.ಕೆ. ಶಂಕರ್. ಅಲ್ಲಿನ ಸಂಗ್ರಹಾಲಯದಲ್ಲಿ ರೋಗಪೀಡಿತ ಮಿದುಳುಗಳನ್ನು ಸಾಲಾಗಿ ಇರಿಸಿದ್ದಾರೆ. ಕುಟುಂಬದವರು ದಾನವಾಗಿ ಕೊಟ್ಟ ಮಿದುಳುಗಳಿಂದ ಬೆಳೆದ ಕೇಂದ್ರವಿದು. ಶಾಲಾ ಪ್ರವಾಸವೆಂದರೆ ಮೈಸೂರು, ಜೋಗ ಎಂದಷ್ಟೇ ತಿಳಿದ ಶಾಲೆಗಳು ಒಮ್ಮೆ ಇತ್ತ ಹೊರಳಬಹುದು.

ಹಾಗಾದರೆ ತಲೆನೋವು ಬಂದವರೆಲ್ಲ ಸ್ಕ್ಯಾನ್ ಮಾಡಿಸಬೇಕೇ? ಬೇಡ. ವಿದ್ಯಾರ್ಥಿಗಳ ತಲೆನೋವಿಗೆ ಹೆಚ್ಚಾಗಿ ಕಾರಣ ನಿದ್ದೆಗೇಡು, ಉಪವಾಸ, ಕನ್ನಡಕದ ಅಗತ್ಯ. ತಂದೆತಾಯಿ, ಒಡಹುಟ್ಟಿದವರಲ್ಲಿ ಇಬ್ಬರಿಗೆ ಇಂತಹ ಉಬ್ಬು ಇದ್ದವರು, ವಂಶಪಾರಂಪರ್ಯವಾಗಿ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಮಾಡಿಸಿಕೊಳ್ಳಬಹುದು. ಆದರೆ ಜೀವಮಾನದಲ್ಲಿ ಕಾಣದಂತಹ ತಲೆನೋವು ಸಿಡಿಲಿನಂತೆ ಒಮ್ಮೆಲೇ ಬಂದು, ವಾಂತಿಯಾಗಿ, ಕತ್ತು ಬಿಗಿದುಕೊಂಡರೆ ಅಮೃತಾಂಜನ ಹಚ್ಚಿ ಮಲಗಿಸಬಾರದು. 108ಕ್ಕೆ ಫೋನು ಮಾಡಿ, ನರರೋಗ ಶಸ್ತ್ರಚಿಕಿತ್ಸಕರಿರುವ ದೊಡ್ಡ ಆಸ್ಪತ್ರೆಗೆ ಆ ಹೊತ್ತೇ ಹೊರಡಬೇಕು. ಮೊದಲ ಸಲ ಒಡೆದ ಉಬ್ಬು ಮತ್ತೆ ಒಡೆಯುವ ಅಪಾಯ ಅತಿ ಹೆಚ್ಚಿರುವುದು ಮೊದಲ 24 ಗಂಟೆಗಳಲ್ಲಿ.