ಇಕಿಗಾಯ್ ಇರಲಿ, ಹಗ್ಗ ಎಲ್ಲಿ?

ಹಾಸ್ಟೆಲ್‌ನಲ್ಲಿ ಯಾರ ಟೇಬಲ್ ನೋಡಿದ್ರೂ ಒಂದು 'ಇಕಿಗಾಯ್' ಪುಸ್ತಕ ಇರುತ್ತೆ. ಓದಿದ್ದಾರೋ ಇಲ್ವೋ ಬೇರೆ ಮಾತು. ರೀಲ್ಸ್ ತೆಗೆದರೆ ಕೈಜೆನ್, ದಿನಕ್ಕೆ ಒಂದು ಪರ್ಸೆಂಟ್ ಸುಧಾರಣೆ, ಬೆಳಗ್ಗೆ ಐದಕ್ಕೆ ಏಳೋದು. ಇದನ್ನೆಲ್ಲ ಗೇಲಿ ಮಾಡೋಕೆ ನಾವು ಹೊರಟಿಲ್ಲ. ಜಪಾನಿನಿಂದ ಬಂದ ಪಾರ್ಸೆಲ್‌ನಲ್ಲಿ ಅರ್ಧ ಮಾತ್ರ ಬಿಚ್ಚಿದ್ದೇವೆ ಅನ್ನೋದಷ್ಟೇ ನಮ್ಮ ತಕರಾರು.

ಇಕಿಗಾಯ್ ಅಂದ ತಕ್ಷಣ ನೆನಪಾಗೋ ಆ ನಾಲ್ಕು ವೃತ್ತಗಳ ಚಿತ್ರ ಜಪಾನಿನದ್ದೇ ಅಲ್ಲ. ಸ್ಪೇನಿನವರೊಬ್ಬರ ಚಿತ್ರಕ್ಕೆ 2014ರಲ್ಲಿ ಒಬ್ಬ ಬ್ಲಾಗರ್ ಈ ಹೆಸರು ಅಂಟಿಸಿದ. ಜಪಾನಿನಲ್ಲಿ ಇದರ ಬಗ್ಗೆ ಗಂಭೀರವಾಗಿ ಬರೆದವರು ಮನೋವೈದ್ಯೆ ಮಿಯೆಕೊ ಕಾಮಿಯಾ. ಕುಷ್ಠರೋಗಿಗಳ ನಡುವೆ ಕೆಲಸ ಮಾಡಿ 1966ರಲ್ಲಿ ಪುಸ್ತಕ ತಂದರು. ಪ್ಲೇಸ್‌ಮೆಂಟ್ ಪ್ಯಾಕೇಜಿಗೂ ಅದಕ್ಕೂ ಬಹಳ ದೂರ.

ಕೈಜೆನ್ ಕಥೆ ಬೇರೆ. ಅದು ಬೆಳೆದಿದ್ದು ಕಾರ್ಖಾನೆಯಲ್ಲಿ. ಕೋಲಾರದವರಿಗೆ ಜಪಾನಿ ಕಾರ್ಖಾನೆ ಹೊಸದೇನಲ್ಲ, ನರಸಾಪುರದಲ್ಲಿ ಹೋಂಡಾ 2013ರಿಂದ ಗಾಡಿ ಮಾಡ್ತಿದೆ. ಇನ್ನೂ ಹಿಂದೆ ಹೋದರೆ, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದಿದ್ದರು. ಅವರು ಅಲ್ಲಿ ಗಮನಿಸಿದ್ದು ಕೈಗಾರಿಕೆ, ಶಿಕ್ಷಣ. ಯಾರ ಮಾರ್ನಿಂಗ್ ರೂಟೀನನ್ನೂ ಅಲ್ಲ!

ಟೊಯೋಟಾದ ಅಸೆಂಬ್ಲಿ ಲೈನಿನ ಉದ್ದಕ್ಕೂ ಒಂದು ಹಗ್ಗ ಇರುತ್ತಿತ್ತು. ಏನೋ ಸರಿಯಿಲ್ಲ ಅನಿಸಿದರೆ ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ದೀಪ ಹೊತ್ತಿಕೊಳ್ಳುತ್ತೆ, ಟೀಮ್ ಲೀಡರ್ ಓಡಿ ಬರ್ತಾರೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನೇ ನಿಲ್ಲುತ್ತೆ. ಎಳೆದವನನ್ನು ಬೈಯೋ ಹಾಗಿಲ್ಲ. ಆಮೇಲೆ ತಾಯಿಚಿ ಓನೋ ಹೇಳಿಕೊಟ್ಟ ಹಾಗೆ ಐದು ಸಲ 'ಯಾಕೆ?' ಅಂತ ಕೇಳಬೇಕು. ಉತ್ತರ 'ಅವನು ಸೋಮಾರಿ' ಅಂತ ಬಂದರೆ ಇನ್ನೂ ಬುಡ ಸಿಕ್ಕಿಲ್ಲ ಅಂತ ಅರ್ಥ.

ರೀಲ್ಸಿನ ಕೈಜೆನ್‌ನಲ್ಲಿ ಈ ಹಗ್ಗವೇ ಇಲ್ಲ. ಏನೇ ಕೆಟ್ಟರೂ ತಪ್ಪು ನಮ್ಮದೇ.

ಮುಳಬಾಗಿಲಿಂದಲೋ ಶ್ರೀನಿವಾಸಪುರದಿಂದಲೋ ದಿನಾ ಬರೋ ಒಬ್ಬ ಫಸ್ಟ್ ಇಯರ್ ಹುಡುಗನಿಗೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಬಂದಿಲ್ಲ ಅಂತಿಟ್ಟುಕೊಳ್ಳಿ. ಯಾಕೆ? ಮೊದಲ ಅವರ್ ತಪ್ಪಿಹೋಗ್ತಿದೆ. ಯಾಕೆ? ಬಸ್ ತುಂಬಿ ಬಂದು ಸ್ಟಾಪಲ್ಲಿ ನಿಲ್ಲೋದೇ ಇಲ್ಲ. ಸಿಕ್ಕ ದಿನವೂ ಪಾಠ ಅರ್ಥ ಆಗ್ತಿಲ್ಲ. ಯಾಕೆ? ಹತ್ತನೇ ಕ್ಲಾಸ್‌ವರೆಗೂ ಓದಿದ್ದು ಕನ್ನಡದಲ್ಲಿ. ಹಾಗಾದ್ರೆ ಕೇಳೋದು ತಾನೇ? ಯಾಕೆ ಕೇಳಲ್ಲ? ಕೇಳಬೇಕಾದ್ದು ಇಂಗ್ಲಿಷಿನಲ್ಲಿ, ಅರವತ್ತು ಜನರ ಎದುರು. ಇವನಿಗೆ ಐದಕ್ಕೆ ಏಳು, ಡೈರಿ ಬರಿ ಅಂದರೆ ಏನು ಸುಧಾರಿಸುತ್ತೆ? ಮಾಲೂರಿನ ಸ್ಟಾಪಲ್ಲಿ ನಿಂತವರಿಗೂ ಅದೇ ಉಪದೇಶ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೂ ಥರ್ಮೋ ತಲೆಗೆ ಹತ್ತಲ್ಲ. ಆದರೆ 'ಸರ್, ಇನ್ನೊಂದ್ಸಲ ಹೇಳಿ' ಅನ್ನೋ ವಾಕ್ಯ ಇಂಗ್ಲಿಷಿನಲ್ಲೇ ನಮ್ಮ ಬಾಯಲ್ಲಿ ರೆಡಿ ಇರುತ್ತೆ. ಹಗ್ಗ ನಮ್ಮ ಕೈಗೆ ಎಟುಕುತ್ತೆ, ಅವರ ಕೈಗಲ್ಲ. ಇದನ್ನು ಅವರ ಕಾನ್ಫಿಡೆನ್ಸ್ ಪ್ರಾಬ್ಲಮ್ ಅಂತ ಕರೆಯೋದು ನಮ್ಮ ಪ್ರಕಾರ ಅನ್ಯಾಯ.

ಈ ಸಲ ಮೊದಲ ಇಂಟರ್ನಲ್ಸ್‌ಗೆ ಮುಂಚೆ ಫಸ್ಟ್ ಇಯರ್‌ನವರಿಗೆ ವಾರಕ್ಕೊಂದು ಗಂಟೆ, ಕನ್ನಡದಲ್ಲೇ ಡೌಟ್ ಕೇಳೋ ಕ್ಲಾಸ್ ಇಡೋಣ. ಕ್ಲಬ್‌ನವರು ಒಂದು ರೂಮ್ ಕೇಳಿ ಕೊಡಿಸಲಿ, ಲಾಸ್ಟ್ ಬಸ್ ಟೈಮ್ ನೋಡಿಕೊಂಡು. ಬೋರ್ಡ್ ಮುಂದೆ ನಿಲ್ಲೋಕೆ ಸೆಕೆಂಡ್ ಇಯರ್‌ನಿಂದ ನಾವು ಬರ್ತೀವಿ. ಮ್ಯಾಥ್ಸ್ ಮಾತ್ರ ಯಾರಾದ್ರೂ ಬೇರೆಯವರು ತಗೊಳ್ಳಿ.