ಬಿದ್ದ ಶಾಲೆಯ ಫೋಟೋ ತೆಗೆಯುವವರಿಗೆ



ಪಾಳುಬಿದ್ದ ಕಟ್ಟಡ ಹುಡುಕಿಕೊಂಡು ಹೋಗಿ ಫೋಟೋ ತೆಗೆಯುವುದು ಈಗ ಒಂದು ಗೀಳಾಗಿದೆ. ಹಳೇ ಶಾಲೆಗಳೆಂದರೆ ಇವರಿಗೆ ಇನ್ನೂ ಇಷ್ಟ. ಬಿರುಕು ಬಿಟ್ಟ ಗೋಡೆ, ಕಾಲು ಮುರಿದ ಬೆಂಚು, ಹೆಂಚು ಹಾರಿದ ಸೂರಿನಿಂದ ಇಳಿಯುವ ಬಿಸಿಲು. ನೋಡಿದವರು 'ಆಹಾ, ಎಷ್ಟು ಚೆಂದ' ಅಂತಾರೆ. ಚೆಂದ ಇರಬಹುದು. ಹಸಿದವನ ಹೊಟ್ಟೆ ಬೆನ್ನಿಗಂಟಿದ್ದನ್ನೂ ಚೆಂದವಾಗಿ ಫೋಟೋ ತೆಗೆಯಬಹುದು ಸ್ವಾಮಿ. ಅವನಿಗೆ ಅನ್ನ ಯಾಕೆ ಸಿಗಲಿಲ್ಲ ಅಂತ ಕೇಳದೆ ಹೋದರೆ ಆ ಚೆಂದ ಯಾರಿಗೆ ಬೇಕು? ಶಾಲೆಯ ವಿಚಾರವೂ ಅಷ್ಟೇ. ಅದನ್ನು ಯಾರು ಕಟ್ಟಿದರು, ಯಾರು ಓದಿದರು, ಯಾರನ್ನು ಹೊರಗೆ ನಿಲ್ಲಿಸಿದರು, ಯಾರು ಬೀಳಲು ಬಿಟ್ಟರು? ಈ ಲೆಕ್ಕ ಇಲ್ಲದ ಫೋಟೋ ಬರೀ ಗೋಡೆಯ ಫೋಟೋ.

ಪುಣೆಯ ಭಿಡೆವಾಡಾದ ಕಥೆ ಕೇಳಿ. ಬುಧವಾರ ಪೇಟೆಯಲ್ಲಿ, ದಗಡೂಶೇಠ್ ಗಣಪತಿ ಗುಡಿಯ ಎದುರಿಗೆ ಇದ್ದ ಮನೆ ಅದು. 1848ರಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು ಅಲ್ಲಿ. ಮನೆ ಕೊಟ್ಟ ತಾತ್ಯಾಸಾಹೇಬ ಭಿಡೆ ಬ್ರಾಹ್ಮಣರು. ಅದನ್ನೂ ಹೇಳಬೇಕು, ಹೇಳುತ್ತೇವೆ. ಆಗ ಜೋತಿಬಾಗೆ ಇಪ್ಪತ್ತೊಂದರ ಆಸುಪಾಸು, ಸಾವಿತ್ರಿಬಾಯಿಗೆ ಹದಿನೇಳು. ಪಾಠ ಹೇಳಲು ಹೊರಟ ಆ ತಾಯಿಯ ಮೇಲೆ ಬೀದಿಯವರು ಕೆಸರು, ಸೆಗಣಿ ಎರಚಿದರು. ಮಗ ಸೊಸೆ ಇಬ್ಬರೂ ಅಪ್ಪನ ಮನೆಯನ್ನೇ ಬಿಡಬೇಕಾಯಿತು. ಆದರೂ ಪಾಠ ನಿಲ್ಲಲಿಲ್ಲ. ಮಹಾರ್, ಮಾಂಗ್ ಮಕ್ಕಳಿಗೂ ಶಾಲೆಗಳಾದವು.

ಇಂಥಾ ಜಾಗ ಏನಾಯಿತು? ಕೆಳಗೆ ಅಂಗಡಿ ಸಾಲು, ಮೇಲೆ ಕುಸಿದ ಮಹಡಿ, ಕೊಳೆತ ಮರ. ಪ್ರತಿ ವರ್ಷ ಜನವರಿ 3ಕ್ಕೆ ಸಾವಿತ್ರಿಬಾಯಿ ಫೋಟೋಗೆ ಹಾರ ಹಾಕುವ ದೇಶದಲ್ಲಿ ಆಕೆ ಪಾಠ ಹೇಳಿದ ಮನೆ ಕಣ್ಣೆದುರಿಗೇ ಕುಸಿಯಿತು. ಪುಣೆ ಮಹಾನಗರಪಾಲಿಕೆ 2006ರಲ್ಲಿ ಸ್ಮಾರಕದ ಮಾತೆತ್ತಿತು. ಬಾಡಿಗೆದಾರರು ಕೋರ್ಟಿಗೆ ಹೋದರು. ಕೇಸು ಎಳೆಯಿತು, ಮಳೆ ಹೊಡೆಯಿತು, ಮಹಡಿ ಇಳಿಯಿತು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪಾಲಿಕೆಯ ಪರ ಆಯಿತು. ಡಿಸೆಂಬರಿನಲ್ಲಿ, ಪೊಲೀಸ್ ಕಾವಲಿನಲ್ಲಿ, ರಾತ್ರಿ ಹೊತ್ತು ಉಳಿದದ್ದನ್ನೂ ಕೆಡವಿದರು. 2024ರ ಸೆಪ್ಟೆಂಬರಿನಲ್ಲಿ ಸ್ಮಾರಕಕ್ಕೆ ಶಂಕುಸ್ಥಾಪನೆ ಆಯಿತು.

ಸ್ಮಾರಕ ಬೇಡ ಅನ್ನುವವರು ನಾವಲ್ಲ. ಅದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂತವರು ನಮ್ಮ ಬಂಧುಗಳೇ. ಆದರೆ ಒಂದು ಮಾತು. ಅದೇ ಪುಣೆಯಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ, ಪೇಶ್ವೆಗಳ ಶನಿವಾರವಾಡಾ ಇದೆ. ಅದರೊಳಗಿನ ಅರಮನೆ 1828ರಲ್ಲೇ ಸುಟ್ಟುಹೋಯಿತು. ಉಳಿದ ಕೋಟೆಗೋಡೆ, ಬಾಗಿಲು, ತಳಪಾಯಕ್ಕೆ ಕೇಂದ್ರ ಸರ್ಕಾರದ ರಕ್ಷಣೆ ಇದೆ, ಬೋರ್ಡು ಇದೆ, ಟಿಕೆಟ್ಟು ಇದೆ. ಎರಡನೇ ಬಾಜಿರಾಯನ ವಿಶ್ರಾಮಬಾಗ್ ವಾಡಾ ಕೂಡ ನಿಂತಿದೆ. 1821ರಲ್ಲಿ ಬ್ರಾಹ್ಮಣರ ಸಂಸ್ಕೃತ ಪಾಠಶಾಲೆ ನಡೆದದ್ದು ಆ ವಾಡಾದಲ್ಲಿ. 1852ರಲ್ಲಿ ಇಂಗ್ಲಿಷ್ ಸರ್ಕಾರ ಜೋತಿಬಾಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದೂ ಅಲ್ಲೇ. ಸನ್ಮಾನದ ಮನೆ ಉಳಿಯಿತು, ಪಾಠದ ಮನೆ ಉಳಿಯಲಿಲ್ಲ. ಸುಟ್ಟ ಅರಮನೆಯ ತಳಪಾಯಕ್ಕೆ ಕಾವಲುಗಾರನಿದ್ದಾನೆ, ಶೂದ್ರ ಹೆಣ್ಣುಮಗಳು ಅಕ್ಷರ ಹೇಳಿದ ಕೋಣೆಗೆ ಒಂದು ತೊಲೆ ಕೊಟ್ಟು ನಿಲ್ಲಿಸುವವರಿರಲಿಲ್ಲ. ಯಾವ ಗೋಡೆ ಇತಿಹಾಸ, ಯಾವ ಗೋಡೆ ಬರೀ ಮಣ್ಣು ಅಂತ ತೀರ್ಮಾನ ಮಾಡುವವರು ಯಾರು ಅನ್ನೋದು ಇಲ್ಲೇ ಗೊತ್ತಾಗುತ್ತೆ.

ಹೊಸ ಸ್ಮಾರಕದ ಗೋಡೆ ನುಣ್ಣಗಿರುತ್ತೆ. ಹಳೇ ಮನೆ ಹೇಗೆ ಬಿತ್ತು ಅಂತ ಅದು ಹೇಳೋದಿಲ್ಲ. ಕೆಡವುವ ಮುಂಚೆ ಹೋಗಿ ಆ ಕೊಳೆತ ತೊಲೆ, ಆ ಅಂಗಡಿ ಸಾಲು, ಆ ಕುಸಿದ ಮಹಡಿಯ ಫೋಟೋ ತೆಗೆದವರಿದ್ದಾರಲ್ಲ, ಈಗ ಸಾಕ್ಷಿ ಅಂದರೆ ಅವೇ. ಸ್ಮಾರಕದೊಳಗೆ ಮೊದಲು ತೂಗುಹಾಕಬೇಕಾದದ್ದು ಆ ಫೋಟೋಗಳನ್ನು.

ಕಟ್ಟಡ ಹೋದರೂ ಬರಹ ಉಳಿದರೆ ಎಷ್ಟು ಬಲ ಅನ್ನೋದಕ್ಕೆ ಎರಡು ಉದಾಹರಣೆ. ಫುಲೆ ಅವರ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಹುಡುಗಿ ಮುಕ್ತಾಬಾಯಿ. ಮಾಂಗ್ ಮಹಾರರ ದುಃಖದ ಬಗ್ಗೆ ಆಕೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಅಚ್ಚಾದ್ದರಿಂದ ಇವತ್ತಿಗೂ ಓದುತ್ತೇವೆ. ಇನ್ನೊಂದು ಸಾತಾರದ್ದು. 1900ರ ನವೆಂಬರ್ 7ರಂದು ಬಾಬಾಸಾಹೇಬರು ಅಲ್ಲಿನ ಶಾಲೆಗೆ ಸೇರಿದರು. ರಿಜಿಸ್ಟರಿನ 1914ನೇ ನಂಬರಿನಲ್ಲಿ 'ಭೀವಾ' ಎಂಬ ಹೆಸರು ಇನ್ನೂ ಇದೆ. ಆದರೆ ಆ ಮಗು ಮನೆಯಿಂದ ಹೊತ್ತುಕೊಂಡು ಹೋಗಿ ಮೂಲೆಯಲ್ಲಿ ಹಾಸಿ ಕೂರುತ್ತಿದ್ದ ಗೋಣಿತಟ್ಟು ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಜವಾನ ಇಲ್ಲದಿದ್ದರೆ ನೀರೂ ಇಲ್ಲ ಅನ್ನುವ ಬಾಯಾರಿಕೆಗೂ ಫೋಟೋ ಇಲ್ಲ. ಅವರೇ ಬರೆದಿಟ್ಟಿದ್ದರಿಂದ ನಮಗೆ ಗೊತ್ತು.

ಅದಕ್ಕೇ ಹೇಳೋದು. ನಿಮ್ಮ ಊರಿನಲ್ಲೂ ಬೀಗ ಹಾಕಿದ, ಸೂರು ಬಿದ್ದ ಶಾಲೆ ಇರುತ್ತೆ. ಹೋಗಿ. ಒಬ್ಬರೇ ಹೋಗಬೇಡಿ, ಊರವರಿಗೆ ಹೇಳಿ ಹೋಗಿ, ಕೊಳೆತ ತೊಲೆ ಕೆಳಗೆ ನಿಲ್ಲಬೇಡಿ. ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ. ಬಿಸಿಲುಕೋಲಿನ ಫೋಟೋ ಒಂದು ಸಾಕು. ಆಮೇಲೆ ಬಾಗಿಲಿನ ಕಲ್ಲು ತೆಗೆಯಿರಿ. ದಾನಿಗಳ ಹೆಸರು ಅಲ್ಲಿರುತ್ತೆ, ಕಲ್ಲು ಹೊತ್ತವರದ್ದು ಇರೋದಿಲ್ಲ. ಆ ಹೆಸರುಗಳನ್ನು ಕೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಜಗಲಿ ತೆಗೆಯಿರಿ, ಅಲ್ಲಿ ಯಾರು ಕೂರುತ್ತಿದ್ದರು ಅಂತ ಅಜ್ಜ ಅಜ್ಜಿಯರನ್ನು ಕೇಳಿ. ನೀರಿನ ಜಾಗ ತೆಗೆಯಿರಿ, ಯಾರು ಯಾರಿಗೆ ಎತ್ತಿ ಹೊಯ್ಯುತ್ತಿದ್ದರು ಅಂತ ಕೇಳಿ. ದಾಖಲಾತಿ ರಿಜಿಸ್ಟರು ಧೂಳಿನಲ್ಲಿ ಬಿದ್ದಿದ್ದರೆ ಮನೆಗೆ ಹೊತ್ತು ತರಬೇಡಿ. ಹತ್ತು ಜನ ಸೇರಿ ಶಿಕ್ಷಣ ಇಲಾಖೆಗೆ ಅರ್ಜಿ ಕೊಟ್ಟು ಅದನ್ನು ಉಳಿಸಿ. ನಮ್ಮ ಕೇರಿಯ ಮೊದಲ ಮಗು ಯಾವ ಇಸವಿಯಲ್ಲಿ ಸೇರಿತು, ಮೊದಲ ಹೆಣ್ಣುಮಗು ಯಾವಾಗ, ಯಾವ ಕ್ಲಾಸಿಗೆ ಬಿಟ್ಟಿತು, ಎಲ್ಲಾ ಅದರಲ್ಲಿದೆ. ಅರಸರಿಗೆ ಶಾಸನಗಳಿವೆ. ನಮಗೆ ಇರೋದು ಆ ರಿಜಿಸ್ಟರಿನ ಒಂದು ಸಾಲು.

ಪ್ರತಿ ಫೋಟೋ ಹಿಂದೆ ತಾರೀಖು ಬರೀರಿ, ಊರು ಬರೀರಿ, ಹೇಳಿದವರು ಒಪ್ಪಿದರೆ ಅವರ ಹೆಸರು ಬರೀರಿ. ನಾಳೆ ಬುಲ್ಡೋಜರ್ ಬಂದಾಗ 'ಇಲ್ಲಿ ಏನೂ ಇರಲಿಲ್ಲ' ಅನ್ನುವವರ ಮುಂದೆ ಇಡುವುದಕ್ಕೆ ನಮ್ಮ ಕೈಯಲ್ಲಿ ಏನಾದರೂ ಇರಬೇಕು.

ಜೈ ಭೀಮ್.