ಮನೆಯ ಲೆಕ್ಕ: ಮೂರನೆಯ ಪಿನ್ನು



ಚಳಿ ಬಿತ್ತೆಂದರೆ ಬಚ್ಚಲಲ್ಲಿ ಗೀಸರ್ ಇಲ್ಲವೆ ಬಕೆಟ್ಟಿನಲ್ಲಿ ನೀರು ಕಾಯಿಸುವ ರಾಡು ಶುರುವಾಗುತ್ತದೆ. ಇಸ್ತ್ರಿ, ಮಿಕ್ಸರ್, ಫ್ರಿಜ್ ವರ್ಷವಿಡೀ ಇದ್ದೇ ಇವೆ. ಇವನ್ನು ಕೊಳ್ಳುವಾಗ ನಾಲ್ಕು ಅಂಗಡಿ ತಿರುಗಿ ದರ ಕೇಳುವ ನಾವು, ಅವನ್ನು ಸಿಕ್ಕಿಸುವ ಸಾಕೆಟ್ಟಿನ ಬಗ್ಗೆ ಯಾರನ್ನೂ ಕೇಳುವುದಿಲ್ಲ. ಈ ತಿಂಗಳು ಅದರ ಲೆಕ್ಕ ನೋಡೋಣ.

ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಉಪಕರಣದ ಮೇಲೆ ಬರೆದ ವ್ಯಾಟನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸಿಗುತ್ತದೆ. 1000 ವ್ಯಾಟಿನ ಇಸ್ತ್ರಿಗೆ 4.3, 1500 ವ್ಯಾಟಿನ ರಾಡಿಗೆ 6.5, 2000 ವ್ಯಾಟಿನ ಗೀಸರಿಗೆ 8.7. ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್, ದೊಡ್ಡದರದು 16. ಅಂದ ಮೇಲೆ ರಾಡೂ ಗೀಸರೂ ದೊಡ್ಡ ಸಾಕೆಟ್ಟಿಗೇ ಸೇರಬೇಕು. ದೊಡ್ಡ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಕನ್ವರ್ಟರ್ ಪೇಟೆಯಲ್ಲಿ ಸಿಗುತ್ತದೆ ನಿಜ. ಅದು ಹೊಂದಿಸುವುದು ತೂತನ್ನು ಮಾತ್ರ. ಗೋಡೆಯೊಳಗಿನ ವಾಯರು ಸಣ್ಣದೇ ಉಳಿಯುತ್ತದೆ. ಸಾಕೆಟ್ಟು ಬಿಸಿಯಾದರೆ, ಕಪ್ಪಾದರೆ, ಸುಟ್ಟ ವಾಸನೆ ಬಂದರೆ ಕೂಡಲೆ ಬದಲಿಸಿರಿ. ಐ.ಎಸ್.ಐ. ಗುರುತು ನೋಡಿಯೇ ತನ್ನಿರಿ.

ಇದು ವಾಯರಿನ ಮಾತಾಯಿತು. ಇನ್ನು ಮನುಷ್ಯರ ಮಾತು.

ಮೂರು ಪಿನ್ನುಗಳಲ್ಲಿ ಮೇಲಿನದು ಉದ್ದವೂ ದಪ್ಪವೂ ಆಗಿರುವುದು ಏಕೆ? ಅದು ಅರ್ಥಿಂಗ್ ಪಿನ್ನು. ಮೊದಲು ಒಳಗೆ ಹೋಗುತ್ತದೆ, ಕೊನೆಗೆ ಹೊರಗೆ ಬರುತ್ತದೆ. ಗೀಸರಿನ ಲೋಹದ ಮೈಗೆ ಒಳಗಿನ ಫೇಸ್ ವಾಯರು ತಗುಲಿದರೆ ಆ ಕರೆಂಟು ಇದರ ಮೂಲಕ ನೆಲಕ್ಕೆ ಇಳಿಯುತ್ತದೆ, ಎಮ್‌ಸಿಬಿ ಬೀಳುತ್ತದೆ. ಆ ದಾರಿ ಇಲ್ಲದಿದ್ದರೆ ಗೀಸರಿನ ಮೈಯಲ್ಲೇ ಕರೆಂಟು ಕಾದು ಕೂತಿರುತ್ತದೆ, ಒದ್ದೆ ಕೈ ತಾಗುವವರೆಗೆ.

“ಎಮ್‌ಸಿಬಿ ಇದೆಯಲ್ಲ?” ಎನ್ನುವವರಿದ್ದಾರೆ. 16 ಆಂಪಿಯರ್ ಎಂದರೆ 16,000 ಮಿಲಿಆಂಪಿಯರ್. ಮನುಷ್ಯನ ಮೈಯಲ್ಲಿ 30 ಮಿಲಿಆಂಪಿಯರಿಗಿಂತ ಹೆಚ್ಚು ಹರಿದರೆ ಪ್ರಾಣಕ್ಕೆ ಅಪಾಯ. ಲಾರಿ ತೂಗುವ ಕಾಟಾದ ಮೇಲೆ ಒಂದು ತೊಲ ಬಂಗಾರ ಇಟ್ಟರೆ ಮುಳ್ಳು ಅಲ್ಲಾಡೀತೆ? ಎಮ್‌ಸಿಬಿ ಕಾಯುವುದು ವಾಯರನ್ನು, ಮನುಷ್ಯರನ್ನಲ್ಲ.

ನಮ್ಮ ಜತ್ತ ತಾಲೂಕು ಬರದ ಸೀಮೆ. ಮನೆ ಕಟ್ಟಿಸುವಾಗ ಇದ್ದಿಲು-ಉಪ್ಪು ಹಾಕಿ ಹೂಳಿದ ಅರ್ಥಿಂಗ್ ಬೇಸಗೆಯಲ್ಲಿ ಒಣಗುತ್ತದೆ. ಒಣ ನೆಲ ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗಾಗ ಅದಕ್ಕೆ ನೀರು ಹಾಕಿರಿ, ವರ್ಷಕ್ಕೊಮ್ಮೆ ಅಳೆಸಿರಿ. ಹಳೆಯ ಮನೆಗಳಲ್ಲಿ ನಳದ ಪೈಪಿಗೆ ಅರ್ಥಿಂಗ್ ಕಟ್ಟಿದ್ದುಂಟು. ಆ ಪೈಪು ಈಗ ಪ್ಲಾಸ್ಟಿಕ್ಕಿನದಾಗಿದ್ದರೆ ನಿಮ್ಮ ಅರ್ಥಿಂಗ್ ಹೆಸರಿಗೆ ಮಾತ್ರ. ನ್ಯೂಟ್ರಲ್ಲಿಗೆ ಅರ್ಥ್ ವಾಯರು ಜೋಡಿಸುವವರನ್ನಂತೂ ಬಾಗಿಲಲ್ಲೇ ತಡೆಯಿರಿ.

ಇದರ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿರಿ. ಹೋದ ಕರೆಂಟು ಅಷ್ಟೂ ಮರಳಿ ಬಂತೋ ಇಲ್ಲವೋ ಎಂದು ಜಮಾ-ಖರ್ಚು ತಾಳೆ ನೋಡುವ ಗುಮಾಸ್ತ ಅದು. ತಾಳೆ ತಪ್ಪಿತೋ, ಕ್ಷಣದೊಳಗೆ ಬಂದ್ ಮಾಡುತ್ತದೆ. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿರಿ. ಬೀಳದಿದ್ದರೆ ಬದಲಿಸಬೇಕೆಂದು ತಿಳಿಯಿರಿ.

2005ರಲ್ಲಿ ವಿದ್ಯುತ್ ಮಂಡಳಿ ಒಡೆದು ಮಹಾವಿತರಣ ಬಂದಿತು. ಆದರೆ ಅಂದಿಗೂ ಇಂದಿಗೂ ಮೀಟರಿನಿಂದ ಈಚೆಯ ವಾಯರಿಂಗ್ ಮನೆಯ ಯಜಮಾನನ ಹೊಣೆಯೇ. ಪರವಾನಗಿ ಇರುವವರಿಂದಲೇ ಕೆಲಸ ಮಾಡಿಸಿರಿ.

ತಾಯಂದಿರಿಗೆ ಎರಡು ಮಾತು. ನೀರು ಕಾದಿದೆಯೆ ಎಂದು ಬೆರಳಿಟ್ಟು ನೋಡುವ ಮೊದಲು ಸ್ವಿಚ್ ಆರಿಸಿ ರಾಡಿನ ಪಿನ್ನು ಕೀಳಿರಿ. ಯಾರಿಗಾದರೂ ಶಾಕ್ ತಗುಲಿ ಹಿಡಿದುಕೊಂಡಿದ್ದರೆ ಅವರನ್ನು ಮುಟ್ಟಬೇಡಿರಿ. ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ 108ಕ್ಕೆ ಫೋನ್ ಮಾಡಿರಿ.

ದೀಪಾವಳಿಗೆ ಹೊಸ ಕೀರ್ದಿ ಪುಸ್ತಕ ತರುತ್ತೇವೆ, ಅಂಗಡಿಯ ಮಾಲು ಎಣಿಸುತ್ತೇವೆ. ಅದೇ ವಾರ ವಾಯರ್‌ಮನ್ನನನ್ನು ಮನೆಗೂ ಅಂಗಡಿಗೂ ಕರೆಸಿ ಪ್ರತಿ ಸಾಕೆಟ್ಟಿನ ಮೂರನೆಯ ತೂತಿಗೆ ಅರ್ಥಿಂಗ್ ಬಂದಿದೆಯೆ ಎಂದು ನೋಡಿಸಿರಿ. ಒಂದು ಗಂಟೆಯ ಕೆಲಸ, ಒಂದು ದಿನದ ಕೂಲಿ ಕೊಟ್ಟರೂ ನಷ್ಟವಿಲ್ಲ.